ಮಿರ್ಜಾನದ ಹೊಳೆಯಲ್ಲಿ ನೀರುನಾಯಿ ಎಣಿಕೆ

ಆ ಬೇಸಿಗೆ ನನಗೆ ವಹಿಸಿದ್ದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು: ಮಿರ್ಜಾನದ ಹೊಳೆಯಲ್ಲಿ ನೀರುನಾಯಿಗಳು ಎಷ್ಟಿವೆ ಎಂದು ಎಣಿಸಿ ಬರೆದು ಕೊಡಬೇಕು. ಅರವತ್ತರ ದಶಕದ ಮೊದಲ ವರ್ಷಗಳವು. ಪ್ರಾಣಿಶಾಸ್ತ್ರ ಓದುತ್ತಿದ್ದ ನಾಲ್ಕು ಕಾಲೇಜು ವಿದ್ಯಾರ್ಥಿಗಳನ್ನು ರಜೆಯ ಎಂಟು ವಾರಗಳ ಮಟ್ಟಿಗೆ ಭತ್ಯೆ ಕೊಟ್ಟು ಅರಣ್ಯದ ಕೆಲಸಕ್ಕೆ ತೆಗೆದುಕೊಂಡಿದ್ದರು. ಒಬ್ಬನಿಗೆ ಭಟ್ಕಳದ ಗುಡ್ಡಗಳ ಕಾಡುಹಂದಿ, ಇನ್ನಿಬ್ಬರಿಗೆ ಹೊನ್ನಾವರದ ಕಡೆಯ ಮಂಗ ಮತ್ತು ಬಾವಲಿ, ನನಗೆ ನೀರುನಾಯಿ. ಕೆಲಸ ಚೆನ್ನಾಗಿ ಮಾಡಿದವರಿಗೆ ಕೊನೆಯಲ್ಲಿ ಪ್ರಮಾಣಪತ್ರ ಸಿಗುತ್ತದೆ, ಮುಂದೆ ಇಲಾಖೆಯ ನೌಕರಿಗೆ ಅದು ಉಪಯೋಗಕ್ಕೆ ಬರುತ್ತದೆ ಎಂದು ಕಾಲೇಜಿನಲ್ಲಿ ಹೇಳಿದ್ದರು.

ಧಾರವಾಡದಿಂದ ಮುಟ್ಟಳ್ಳಿಯ ಮನೆಗೆ ಬಂದು ವಿಷಯ ತಿಳಿಸಿದಾಗ ನನ್ನ ತಾಯಿ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. "ಕಾಲೇಜು ಕಲ್ತು ನಾಯಿ ಎಣಿಸುಕೆ ಹೊಂಟ್ಯಾ?" ಎಂದಳು. ನೀರಿನ ನಾಯಿ, ಊರ ನಾಯಿಯಲ್ಲ ಎಂದೆ. "ಎರಡೂ ಒಂದ್ ಕಡೆ ನಿಂತ್ಕಂಡ್ ಎಣಿಸಗೊಡುದಿಲ್ಲ" ಎಂದು ಒಳಗೆ ಹೋದಳು.

ಎಣಿಕೆ ಯಾಕೆ ಬೇಕಾಗಿತ್ತು ಎಂಬುದನ್ನು ಹೊನ್ನಾವರದ ಅರಣ್ಯ ಕಚೇರಿಯ ಸಾಹೇಬರು ಮೊದಲ ದಿನವೇ ವಿವರಿಸಿದರು. ಬಯಲುಸೀಮೆಯವರು, ಮಾತು ಕಡಿಮೆ, ಬರೆಯುವಾಗ ಕನ್ನಡಕ ಹಣೆಗೆ ಏರಿಸಿಕೊಳ್ಳುತ್ತಿದ್ದರು. ಮಿರ್ಜಾನದ ಸುತ್ತ ಹೊಳೆಯಂಚಿನ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರು ತಡೆಯುವ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಏರಿಯಲ್ಲಿರುವ ಹಲಗೆ ಬಾಗಿಲು ಎತ್ತಿ ಭರತದ, ಅಂದರೆ ಉಬ್ಬರದ, ನೀರನ್ನು ಒಳಗೆ ಬಿಟ್ಟರೆ ಅದರ ಜೊತೆ ಮೀನು, ಸೀಗಡಿ ಬರುತ್ತವೆ. ಆ ಮೀನಿನ ಗುತ್ತಿಗೆ ಹಿಡಿದವರು ನೀರುನಾಯಿಗಳ ಮೇಲೆ ಅರ್ಜಿ ಬರೆದಿದ್ದರು. ಬಾಗಿಲಿಗೆ ಕಟ್ಟಿದ ಬಲೆಗಳನ್ನು ಹರಿಯುತ್ತವೆ, ದೊಡ್ಡ ಮೀನನ್ನು ಅರ್ಧ ತಿಂದು ಬಿಡುತ್ತವೆ, ಹೊಡೆಯಲು ಪರವಾನಗಿ ಕೊಡಿ ಎಂದು.

"ಸಂಖ್ಯೆ ಜಾಸ್ತಿ ಇದ್ದರೆ ಮಳೆಗೆ ಮುಂಚೆ ಎರಡು ವಾರ ಹೊಡೆಯಲು ಬಿಡುತ್ತಾರೆ. ಕಡಿಮೆ ಇದ್ದರೆ ಇಲ್ಲ" ಎಂದರು ಸಾಹೇಬರು. "ಜಾಸ್ತಿ ಅಂದರೆ ಎಷ್ಟು ಅಂತ ನನ್ನನ್ನು ಕೇಳಬೇಡ. ನೀನು ಎಣಿಸು. ಉಳಿದದ್ದನ್ನು ಮೇಲಿನವರು ನೋಡಿಕೊಳ್ಳುತ್ತಾರೆ."

ಮಿರ್ಜಾನದಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬನ ಮನೆಯ ಜಗಲಿಯಲ್ಲಿ ನನ್ನ ವಾಸ್ತವ್ಯ. ಐವತ್ತರ ಮೇಲಿನ ವಯಸ್ಸಿನ ಆ ಗಾರ್ಡಿಗೆ ಹೊಳೆಗಿಂತ ಗುಡ್ಡ ಹೆಚ್ಚು ಪರಿಚಯ. ಆದರೆ ದೋಣಿ ನಡೆಸಲು ಬರುತ್ತಿತ್ತು. ನಾವು ಹೊಳೆಯನ್ನು ಮೇಲಿನ ತಿರುವಿನಿಂದ ಸಮುದ್ರ ಸೇರುವ ಅಳಿವೆಯವರೆಗೆ ಎಂಟು ಪಟ್ಟಿ ಮಾಡಿಕೊಂಡೆವು. ದಿನಕ್ಕೊಂದು ಪಟ್ಟಿಯ ಒಂದು ದಂಡೆ. ಎರಡು ದಂಡೆ ಸೇರಿ ಹದಿನಾರು ದಿನ.

ನೀರುನಾಯಿಯನ್ನು ಕಣ್ಣಾರೆ ನೋಡಿ ಎಣಿಸುವುದು ಆಗದ ಮಾತು. ತಲೆ ಎತ್ತಿತು ಎನ್ನುವಷ್ಟರಲ್ಲಿ ಮುಳುಗಿ ಬೇರೆಲ್ಲೋ ಏಳುತ್ತದೆ. ಹಾಗಾಗಿ ಹೆಜ್ಜೆಗುರುತನ್ನೇ ನಂಬಬೇಕು. ಇಳಿತದ ಹೊತ್ತಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬುಡದ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಹಿಂಗಾಲಿನ ಗುರುತು ಸಿಕ್ಕರೆ ಅದರ ಮೇಲೆ ಎರಡು ಕೋಲಿನ ಆಧಾರದಲ್ಲಿ ಗಾಜಿನ ಹಲಗೆ ಇಟ್ಟು, ನೇರ ಮೇಲಿನಿಂದ ನೋಡುತ್ತ, ಗಾಜಿನ ಮೇಲೆ ಶಾಯಿಯಲ್ಲಿ ಅಂಚು ಎಳೆಯುವುದು. ಆಮೇಲೆ ಅದನ್ನು ಎಣ್ಣೆಕಾಗದಕ್ಕೆ ಇಳಿಸಿ ಅಗಲ, ಉದ್ದ, ಜಾಗ, ಕೆಸರಿನ ಸ್ಥಿತಿ ಬರೆಯುವುದು. ಅಳತೆ ಬೇರೆ ಬಂದರೆ ಪ್ರಾಣಿ ಬೇರೆ. ಕಾಲೇಜಿನಲ್ಲಿ ಹೀಗೆಂದೇ ಕಲಿಸಿದ್ದರು, ನಾನೂ ಹಾಗೆಯೇ ಮಾಡಿದೆ.

ಕೆಲಸ ಸುಲಭವಿರಲಿಲ್ಲ. ಇಳಿತದ ಸಮಯ ದಿನದಿನಕ್ಕೂ ಮುಂದೆ ಸರಿಯುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಸುಕಿಗೆ ನೀರು ಪೂರ್ತಿ ಇಳಿದು ಕೆಸರು ತಂಪಾಗಿ, ಗುರುತು ಸ್ವಚ್ಛವಾಗಿ ಕಾಣುತ್ತಿತ್ತು. ಅಷ್ಟಮಿಯ ಹೊತ್ತಿಗೆ ಇಳಿತ ನೆತ್ತಿಯ ಬಿಸಿಲಿಗೆ ಬರುತ್ತಿತ್ತು. ಆಗ ಕೆಸರು ಒಣಗಿ ಬಿರುಕು ಬಿಟ್ಟು, ಗುರುತಿನ ಅಂಚು ಮುರಿಯುತ್ತಿತ್ತು. ಒಂದು ದಿನ ಮೊಣಕಾಲವರೆಗೆ ಹೂತು ಗಾಜು ಒಡೆಯಿತು. ಕುಮಟೆಗೆ ಹೋಗಿ ಬೇರೆ ಗಾಜು ಕತ್ತರಿಸಿಕೊಂಡು ಬರಲು ಇಡೀ ದಿನ ಹಿಡಿಯಿತು.

ಹದಿನಾರು ದಿನ ಮುಗಿದಾಗ ನನ್ನ ಕಾಗದಗಳಲ್ಲಿ ನಲವತ್ತೊಂದು ಪ್ರಾಣಿಗಳಿದ್ದವು. ಸಂಖ್ಯೆ ನೋಡಿ ನನಗೇ ಹೆಮ್ಮೆಯಾಯಿತು. ಅಷ್ಟು ಕಷ್ಟಪಟ್ಟದ್ದಕ್ಕೆ ಅಷ್ಟಾದರೂ ಸಿಗಬೇಕಲ್ಲ ಎಂಬ ಭಾವ ಒಳಗೆಲ್ಲೋ ಇತ್ತು. ಆಗ ಅದು ನನ್ನ ಅರಿವಿಗೆ ಬಂದಿರಲಿಲ್ಲ. ವರದಿ ಬರೆದು ಸಹಿ ಮಾಡಿ ಹೊನ್ನಾವರಕ್ಕೆ ಕಳಿಸಿದೆ. ಸಾಹೇಬರು ಅದನ್ನು ಕಾರವಾರದ ಮೇಲಿನ ಕಚೇರಿಗೆ ಕಳಿಸಿದರು. ಹತ್ತು ದಿನದಲ್ಲಿ ಉತ್ತರ ಬಂತು. ಬರುವ ಭಾನುವಾರದಿಂದ ಎರಡು ವಾರ ಬಂದೂಕಿನ ಲೈಸನ್ಸ್ ಇದ್ದವರು ಹೊಳೆಯಲ್ಲಿ ನೀರುನಾಯಿ ಹೊಡೆಯಬಹುದು.

ಸುದ್ದಿ ಮಿರ್ಜಾನದಲ್ಲಿ ಹಬ್ಬಿದ ಮರುದಿನ ಬೆಳಿಗ್ಗೆ ನಾನು ದಂಡೆಯಲ್ಲಿ ಗಾಜು ತೊಳೆಯುತ್ತಿದ್ದೆ. ಹೊಳೆಯ ತಳದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಇಳಿತಕ್ಕೆ ಸರಿಯಾಗಿ ದಿನಾ ಅಲ್ಲಿಂದಲೇ ಇಳಿಯುತ್ತಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಲ್ಲೇ ಚಿಪ್ಪು ತಡಕಿ ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಅವರಲ್ಲಿ ಹಿರಿಯಳು ನನ್ನನ್ನು ಕಂಡರೆ ದಿನವೂ ನಗುತ್ತಿದ್ದಳು. ಅಂದು ನಗಲಿಲ್ಲ. ಬುಟ್ಟಿ ಕೆಳಗಿಟ್ಟು ಕೇಳಿದಳು:

"ತಮಾ, ನೀನೇ ಅಲ್ದಾ ನಲವತ್ತು ಅಂತ ಬರದ್ದು?"

"ನಲವತ್ತೊಂದು, ಅಕ್ಕ."

"ಎಲ್ಲಿ ಅದೆ ನಲವತ್ತು? ನಾ ಮದ್ವೆ ಆಗಿ ಈ ಹೊಳೆಗೆ ಬಂದಾಗಿಂದ ನೋಡ್ತೆ. ಎರಡೋ ಮೂರೋ ಹಿಂಡು. ನಸುಕಿಗೆ ಈ ಬದಿ, ಬಿಸ್ಲು ಏರ್ತಿದ್ದಂಗೆ ನಡು ಹೊಳೆಯ ಕುರ್ವೆ ದಾಟಿ ಆ ಬದಿ. ಒಂದ್ ಹೆಣ್ಣಿಗೆ ಹಿಂದಿನ ಕಾಲಲ್ಲಿ ಒಂದ್ ಬೆರಳೇ ಇಲ್ಲ, ಯಾವನೋ ಕತ್ರಿ ಬೋನಿಗೆ ಸಿಕ್ಸಿದ್ದ. ಅದು ಎಲ್ಲಾ ಬದಿಗೂ ಬತ್ತದೆ. ನೀ ಅದ್ನ ಎಷ್ಟು ಸಲ ಎಣಿಸಿದೆ?"

ನಿಮಗೆ ನೀರುನಾಯಿಯ ಚಿಂತೆ ಯಾಕೆ ಎಂದು ಕೇಳಿದೆ. ಕೇಳಿದ ಧಾಟಿ ಸರಿಯಿರಲಿಲ್ಲ.

"ನೀರುನಾಯಿ ಇದ್ರೆಂತ, ಹೋದ್ರೆಂತ? ನಮ್ದು ತಲೆಯೂ ನೀರ ಮೇಲೆ ಕರಿಗೇ ಕಾಣ್ತದೆ. ಬಂದೂಕಿನವ್ರು ಬಂದ್ರೆ ಹದಿನೈದು ದಿನ ನಾವು ಹೊಳೆಗೆ ಇಳೂಕಾಗುದಿಲ್ಲ. ಮಳೆ ಬಿದ್ರೆ ಮತ್ತೆ ಬಳಚೂ ಇಲ್ಲ. ಮಳೆಗಾಲಕ್ಕೆ ಉಂಬುದೆಂತ?"

ಅವಳು ಹೋದ ಮೇಲೆ ಜಗಲಿಗೆ ಬಂದು ಎಣ್ಣೆಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರವಿದೆ. ನೀರುನಾಯಿಯ ಹಿಂಗಾಲಿಗೆ ಐದು ಬೆರಳು. ಏಳನೆಯ ಕಾಗದದಲ್ಲಿ ನಾಲ್ಕೇ ಇದ್ದವು. ಪಕ್ಕದಲ್ಲಿ ನನ್ನದೇ ಕೈಬರಹ: "ಒಂದು ಬೆರಳು ಮೂಡಿಲ್ಲ, ಗುರುತು ಅಸ್ಪಷ್ಟ." ಹತ್ತೊಂಬತ್ತನೆಯದರಲ್ಲೂ ಹಾಗೆಯೇ ಬರೆದಿದ್ದೆ. ಮೂವತ್ತಮೂರನೆಯದರಲ್ಲೂ. ಮೂರೂ ಎಡ ಹಿಂಗಾಲು, ಮೂರರಲ್ಲೂ ಇಲ್ಲದ್ದು ನಡುವಿನ ಬೆರಳು. ಒಂದು ಈಚೆ ದಂಡೆ, ಒಂದು ಆಚೆ ದಂಡೆ, ಒಂದು ಅಳಿವೆಯ ಹತ್ತಿರ. ಅಗಲ ಮಾತ್ರ ಮೂರು ಬಗೆ. ಅದೊಂದೇ ಕಾರಣಕ್ಕೆ ಮೂರು ಪ್ರಾಣಿ ಎಂದು ಬರೆದಿದ್ದೆ.

ಆದರೆ ಒಂದೇ ಕಾಲು ಮೂರು ಅಳತೆ ತೋರಿಸುವುದು ಹೇಗೆ? ಗಾರ್ಡನ್ನು ಕರೆದುಕೊಂಡು ಮತ್ತೆ ದಂಡೆಗೆ ಹೋದೆ. ಬರಿಗಾಲಿನಲ್ಲಿ ಗಟ್ಟಿ ಮಣ್ಣಿನ ಮೇಲೆ ಒಂದು ಹೆಜ್ಜೆ ಇಟ್ಟೆ. ನಾಲ್ಕು ಮಾರು ಆಚೆ ನೀರಿನಂಚಿನ ಕೆಸರಿನಲ್ಲಿ ಇನ್ನೊಂದು ಇಟ್ಟೆ. ಎರಡರ ಮೇಲೂ ಗಾಜು ಇಟ್ಟು ಎಳೆದು ಅಳೆದೆ. ಕೆಸರಿನ ಹೆಜ್ಜೆ ಒಂದು ಬೆರಳಿನಷ್ಟು ಹೆಚ್ಚು ಅಗಲವಾಗಿತ್ತು. ನನ್ನ ಲೆಕ್ಕದ ಪ್ರಕಾರ ಅಲ್ಲಿ ಇಬ್ಬರು ಮನುಷ್ಯರು ನಡೆದಿದ್ದರು.

ಗಾರ್ಡ್ ಎರಡೂ ಗುರುತುಗಳನ್ನು ನೋಡಿ, "ಈಗೆಂತ ಮಾಡ್ತ್ರಿ? ಕಾಗ್ದ ಹೋಗಾತಲ್ಲ" ಎಂದ.

ಅಂದು ಗುರುವಾರ. ಹೊಳೆ ದಾಟಿ ಕುಮಟೆಗೆ ಬಂದು ಹೊನ್ನಾವರದ ಬಸ್ಸು ಹಿಡಿದೆ. ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದುದು ನೀರುನಾಯಿಗಳ ಬಗ್ಗೆ ಅಲ್ಲ, ಹೇಗೆ ಹೇಳಿದರೆ ತಪ್ಪು ಚಿಕ್ಕದಾಗಿ ಕಾಣುತ್ತದೆ ಎಂಬುದರ ಬಗ್ಗೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಸಾಹೇಬರು ಪೂರ್ತಿ ಕೇಳಿದರು. ಮೂರು ಎಣ್ಣೆಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ನಿನ್ನ ಸಹಿ ತಾನೆ?"

"ಹೌದು ಸಾರ್."

"ಇದನ್ನು ನಂಬಿ ನಾನೂ ಸಹಿ ಮಾಡಿದೆ. ನನ್ನದನ್ನು ನಂಬಿ ಕಾರವಾರದಲ್ಲಿ ಮಾಡಿದರು. ಈಗ ಎಷ್ಟಿವೆ ಅಂತೀಯ?"

"ಗೊತ್ತಿಲ್ಲ ಸಾರ್. ನಲವತ್ತೊಂದಂತೂ ಇಲ್ಲ."

"ಗೊತ್ತಿಲ್ಲ ಅಂತ ಹೇಳಿ ಆದೇಶ ವಾಪಸ್ಸು ತೆಗೆಯಿರಿ ಅಂದರೆ ಯಾರು ತೆಗೆಯುತ್ತಾರೆ?" ಕನ್ನಡಕ ಹಣೆಗೆ ಏರಿಸಿದರು. "ನೋಡಪ್ಪಾ, ನೀನು ಸುಮ್ಮನಿದ್ದರೂ ನಡೆಯುತ್ತದೆ. ನಾಲ್ಕು ಬಂದೂಕಿನವರು ಬರುತ್ತಾರೆ, ಹತ್ತು ಹೊಡೆಯುತ್ತಾರೆ, ಮಳೆ ಬರುತ್ತದೆ. ಉಳಿದವು ಎಷ್ಟು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ನಿನ್ನ ಪ್ರಮಾಣಪತ್ರ ನಿನಗೆ. ತಪ್ಪು ಅಂತ ನೀನೇ ಬರೆದು ಕೊಟ್ಟರೆ ಅದನ್ನೂ ಕಳಿಸುತ್ತೇನೆ. ಆದರೆ ಆಗ ಪ್ರಮಾಣಪತ್ರಕ್ಕೆ ನಾನು ಶಿಫಾರಸು ಮಾಡಲಾರೆ. ಟಪಾಲು ಹೋಗುವುದು ನಾಲ್ಕು ಗಂಟೆಗೆ. ಅಷ್ಟರೊಳಗೆ ಹೇಳು."

ಅವರ ಮಾತಿನಲ್ಲಿ ಬೆದರಿಕೆಯಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ್ದರು. ನಾನು ಹೊರಗೆ ಬಂದು ಬಂದರಿನ ಕಡೆ ನಡೆದೆ. ಶರಾವತಿಯ ಧಕ್ಕೆಯಲ್ಲಿ ಜನ ಲಾಂಚು ಇಳಿಯುತ್ತಿದ್ದರು, ಹತ್ತುತ್ತಿದ್ದರು. ಒಂದು ಚಹಾ ಕುಡಿದೆ. ನಮ್ಮ ಮನೆಯಲ್ಲಿ ಸರ್ಕಾರಿ ನೌಕರಿಗೆ ಹೋದವರು ಯಾರೂ ಇರಲಿಲ್ಲ. ಆ ಪತ್ರವಿಲ್ಲದೆ ಹೋದರೆ ನಮ್ಮಂಥವರನ್ನು ಒಳಗೆ ಬಿಡುವವರು ಯಾರು ಎಂಬುದೂ ಹೊಳೆಯಿತು. ಪ್ರಾಣಿಗಳ ಮೇಲಿನ ಕರುಣೆಯಿಂದ ನಾನು ತೀರ್ಮಾನ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನು ಕಾಡಿದ್ದು ಆ ಮೂರು ಕಾಗದಗಳು. ಕಾಲಿನ ಗುರುತು ಸರಿಯಾಗಿಯೇ ಇತ್ತು. ಅಸ್ಪಷ್ಟ ಎಂದು ಬರೆದವನು ನಾನು. ಇಷ್ಟು ಗೊತ್ತಾದ ಮೇಲೂ ಸುಮ್ಮನಿದ್ದರೆ ಮುಂದೆ ನಾನು ಅಳೆದ ಯಾವುದನ್ನೂ ನಾನೇ ನಂಬಲಾರೆ ಅನ್ನಿಸಿತು.

ಮೂರೂವರೆಗೆ ಕಚೇರಿಗೆ ಹೋಗಿ ಒಂದು ಪುಟ ಬರೆದೆ. ಮೊದಲ ಎಣಿಕೆ ತಪ್ಪು, ತಪ್ಪಿಗೆ ಎರಡು ಕಾರಣ: ಎರಡು ದಂಡೆಗಳನ್ನು ಬೇರೆ ಬೇರೆ ದಿನ ಎಣಿಸಿದ್ದು, ಕೆಸರಿನ ಮೆದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ್ದು. ಎಲ್ಲ ಕಡೆ ಒಂದೇ ಹೊತ್ತಿಗೆ ಮತ್ತೆ ಎಣಿಸಲು ಅವಕಾಶ ಬೇಕು. ಅಲ್ಲಿಯವರೆಗೆ ಹೊಡೆಯುವುದನ್ನು ತಡೆಯಬೇಕು. ಸಾಹೇಬರು ಓದಿ, ಎರಡು ಶಬ್ದ ತಿದ್ದಿ, ಕೆಳಗೆ ತಮ್ಮ ಸಹಿ ಹಾಕಿದರು. ಟಪಾಲಿಗೆ ಕಾಯದೆ ಕಾರವಾರಕ್ಕೆ ತಂತಿಯನ್ನೂ ಕಳಿಸಿದರು.

"ಅಮಾವಾಸ್ಯೆ ಯಾವಾಗ?" ಎಂದು ಕೇಳಿದರು.

"ಬರುವ ಬುಧವಾರ ಸಾರ್. ನಸುಕಿನ ಇಳಿತ ಅದೇ ಕೊನೆ. ಮುಂದಿನ ಹುಣ್ಣಿಮೆಯೊಳಗೆ ಮಳೆ ಬಂದಿರುತ್ತದೆ."

"ಹಾಗಾದರೆ ಹೋಗು. ಜನರನ್ನು ಮಾತ್ರ ಕೇಳಬೇಡ. ನನ್ನ ಹತ್ತಿರ ಇಲ್ಲ."

ಶನಿವಾರ ಕಾರವಾರದಿಂದ ತಂತಿ ಬಂತು. ಪರವಾನಗಿಯನ್ನು ಒಂದು ವಾರ ತಡೆದಿದ್ದರು. ಆದರೆ ಹೊಳೆಯ ಮೇಲಿನ ಭಾಗದಲ್ಲಿ ಒಂದು ತಂಡಕ್ಕೆ ಆದೇಶದ ಪ್ರತಿ ಮೊದಲೇ ತಲುಪಿತ್ತು. ತಡೆದದ್ದು ಅವರಿಗೆ ತಿಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಮೇಲಿನ ತಿರುವಿನಿಂದ ಐದಾರು ಈಡುಗಳ ಸದ್ದು ಕೇಳಿಸಿತು. ಗಾರ್ಡ್ ಮತ್ತು ನಾನು ದೋಣಿ ಹುಟ್ಟು ಹಾಕುತ್ತ ಹೋಗಿ ತಲುಪಿದಾಗ ಮೂರು ನೀರುನಾಯಿಗಳನ್ನು ದಂಡೆಯಲ್ಲಿ ಸಾಲಾಗಿ ಮಲಗಿಸಿದ್ದರು. ಒಂದು ಗಂಡು, ಎರಡು ಹೆಣ್ಣು. ಒಂದು ಹೆಣ್ಣಿನ ಮೊಲೆಯಲ್ಲಿ ಹಾಲಿತ್ತು.

ತಂಡದವರು ಒರಟು ಜನರಲ್ಲ. ನಾವು ತಂದ ತಂತಿಯನ್ನು ಓದಿ ಬಂದೂಕು ಖಾಲಿ ಮಾಡಿದರು. "ಮೊದ್ಲೇ ಹೇಳ್ಬೇಕಾಗಿತ್ತು, ನಮಗೆಂತ ಗೊತ್ತು?" ಎಂದರು. ಮೊದಲೇ ಹೇಳಬೇಕಾಗಿದ್ದವನು ನಾನೇ.

ಚರ್ಮ ಸುಲಿಯುವ ಮೊದಲು ಒಂದು ಗಂಟೆ ಕೇಳಿಕೊಂಡೆ. ಮೂರೂ ಪ್ರಾಣಿಗಳ ಹಿಂಗಾಲನ್ನು ಗಟ್ಟಿ ಮಣ್ಣು, ಮೆದು ಮಣ್ಣು, ನೀರಂಚಿನ ಕೆಸರು ಹೀಗೆ ಮೂರು ಕಡೆ ಒತ್ತಿ, ಒಂಬತ್ತು ಗುರುತು ಎಳೆದುಕೊಂಡೆ. ಕಾಲು ಇನ್ನೂ ಬಿಗಿದಿರಲಿಲ್ಲ, ಬೆರಳುಗಳ ನಡುವಿನ ಪೊರೆ ಒದ್ದೆಯಾಗಿತ್ತು. ಕೆಸರಿಗೂ ಅಳತೆಗೂ ಇರುವ ಸಂಬಂಧ ನನಗೆ ಗೊತ್ತಾದದ್ದು ಅಲ್ಲಿ. ಆ ಒಂಬತ್ತು ಗುರುತುಗಳ ಕೋಷ್ಟಕವನ್ನು ವರದಿಗೆ ಸೇರಿಸಿದ್ದೇನೆ. ಅದು ಹೇಗೆ ಸಿಕ್ಕಿತು ಎಂಬುದನ್ನೂ ಕೆಳಗೆ ಬರೆದಿದ್ದೇನೆ.

ಬುಧವಾರಕ್ಕೆ ಎರಡು ದಿನ ಉಳಿದಿತ್ತು. ಹದಿನಾಲ್ಕು ಜಾಗಗಳಲ್ಲಿ ಒಂದೇ ಹೊತ್ತಿಗೆ ಕಣ್ಣು ಬೇಕು. ಇದ್ದದ್ದು ನಾನು ಮತ್ತು ಗಾರ್ಡ್. ಹೊಳೆ ದಾಟಿಸುವ ತಾರಿ ದೋಣಿಯವನು ಒಪ್ಪಿದ, ಅವನು ಹೇಗೂ ನಸುಕಿಗೇ ದೋಣಿಯಲ್ಲಿರುತ್ತಿದ್ದ. ಉಳಿದ ಹನ್ನೊಂದಕ್ಕೆ ಬಳಚು ಹೆಕ್ಕುವ ಆ ಹಿರಿಯ ಹೆಂಗಸಿನ ಮನೆಗೆ ಹೋದೆ. ಅಂಗಳದಲ್ಲಿ ಚಿಪ್ಪಿನ ರಾಶಿಯ ಪಕ್ಕ ಕೂತಿದ್ದಳು.

"ತಪ್ಪು ಅಂತ ಬರೆದು ಕೊಟ್ಟೆ, ಅಕ್ಕ" ಎಂದೆ.

"ಗೊತ್ತಾತು. ಗಾರ್ಡ ಹೇಳ್ದ. ಈಗೆಂತ ಬೇಕು?"

ವಿಷಯ ಹೇಳಿದೆ. ಕೂಲಿ ಕೊಡಲು ನನ್ನ ಹತ್ತಿರ ಏನೂ ಇಲ್ಲ ಎಂದೂ ಹೇಳಿದೆ.

"ಕೂಲಿ ಕೊಡ್ತೆ ಅಂದಿದ್ರೆ ಬತ್ತೇ ಇರ್ಲಿಲ್ಲ" ಎಂದಳು. "ಆಮೇಲೆ ನಾವು ದುಡ್ಡಿಗೆ ಸುಳ್ಳು ಹೇಳಿದ್ದು ಅಂತ ಗಜನಿಯವ್ರು ಹೇಳೂರು. ಬರೆಯೂಕೆ ಬರೂದಿಲ್ಲ ನಮಗೆ, ಅದಕ್ಕೆಂತ ಮಾಡ್ತೆ?"

ಅದಕ್ಕೆ ದಾರಿ ಇಬ್ಬರೂ ಸೇರಿ ಹುಡುಕಿದೆವು. ಒಬ್ಬೊಬ್ಬರಿಗೂ ಮೂರು ಹಸಿ ತೆಂಗಿನ ಗರಿ. ಒಂದೊಂದು ನೀರುನಾಯಿಗೂ ಒಂದು ಗಂಟು: ಹೊಳೆಯ ಮೇಲಕ್ಕೆ ಹೋದರೆ ಗರಿಯ ಬುಡದ ಕಡೆ, ಕೆಳಕ್ಕೆ ಹೋದರೆ ತುದಿಯ ಕಡೆ, ಅಡ್ಡ ದಾಟಿದರೆ ನಡುವೆ. ಗಡಿಯಾರ ಇದ್ದದ್ದು ನನ್ನೊಬ್ಬನ ಹತ್ತಿರ. ಹಾಗಾಗಿ ಇಳಿಯುವ ನೀರನ್ನೇ ಗಡಿಯಾರ ಮಾಡಿಕೊಂಡೆವು. ಪ್ರತಿ ಜಾಗದಲ್ಲೂ ಒಂದು ಗೂಟ, ಅದರ ಮೇಲೆ ಎರಡು ಗೆರೆ. ನೀರು ಮೊದಲ ಗೆರೆಗೆ ಇಳಿಯುವವರೆಗೆ ಮೊದಲ ಗರಿ, ಎರಡನೆಯ ಗೆರೆಗೆ ಇಳಿಯುವವರೆಗೆ ಎರಡನೆಯದು, ಆಮೇಲೆ ಮೂರನೆಯದು. ಅಳಿವೆಯಲ್ಲಿ ನೀರು ಬೇಗ ಇಳಿಯುತ್ತದೆ, ಮೇಲೆ ತಡವಾಗಿ. ಸೋಮವಾರ ಮತ್ತು ಮಂಗಳವಾರದ ಎರಡು ಇಳಿತಗಳಲ್ಲಿ ನನ್ನ ಕೈಗಡಿಯಾರ ನೋಡಿಕೊಂಡು ದೋಣಿಯಲ್ಲಿ ಓಡಾಡಿ ಎಲ್ಲ ಗೂಟಗಳ ಗೆರೆಗಳನ್ನು ಹೊಂದಿಸಿದೆ. ಮೂರು ಗೂಟಗಳನ್ನು ಯಾರೋ ಸೌದೆಗೆ ಕಿತ್ತುಕೊಂಡು ಹೋದರು, ಮತ್ತೆ ನೆಟ್ಟೆವು.

ಬುಧವಾರ ನಸುಕಿಗೆ ಹದಿನಾಲ್ಕು ಜನರೂ ತಮ್ಮ ತಮ್ಮ ಜಾಗದಲ್ಲಿದ್ದೆವು. ನನ್ನದು ಕುರ್ವೆಯ ತುದಿ, ಹೊಳೆಯ ನಡುವಿನ ನಡುಗಡ್ಡೆ. ಬೆಳಕು ಹರಿಯುವಾಗ ಐದು ತಲೆಗಳು ಸಾಲಾಗಿ ಈಚೆಯಿಂದ ಆಚೆಗೆ ದಾಟಿದವು. ಹದಿನಾರು ದಿನ ಹೆಜ್ಜೆಗುರುತು ಹುಡುಕಿದವನು ಅಂದೇ ಮೊದಲ ಸಲ ಒಂದು ಹಿಂಡನ್ನು ಪೂರ್ತಿ ನೋಡಿದೆ. ಗರಿಗೆ ಐದು ಗಂಟು ಹಾಕಿದೆ.

ಏಳೂವರೆಗೆ ಎಲ್ಲರೂ ಮಿರ್ಜಾನದ ದಂಡೆಗೆ ಬಂದರು. ಸಾಹೇಬರು ಹೇಳದೆಯೇ ಜೀಪಿನಲ್ಲಿ ಬಂದು ಕಾಯುತ್ತಿದ್ದರು. ಚಾಪೆಯ ಮೇಲೆ ಗರಿಗಳನ್ನು ಜಾಗದ ಪ್ರಕಾರ ಜೋಡಿಸಿದೆ. ಒಬ್ಬಳ ಗರಿಯಲ್ಲಿ ಒಂಟಿ ಗಂಟು ಇತ್ತು. ಅವಳಿಗಿಂತ ಮೇಲಿನ ಜಾಗದವಳೂ ಕೆಳಗಿನ ಜಾಗದವಳೂ ಅದೇ ಹೊತ್ತಿಗೆ ಏನೂ ಕಂಡಿರಲಿಲ್ಲ.

"ಇದು ಖರೆ ನೀರುನಾಯಿಯೇ ಹೌದಾ?" ಎಂದು ಸಾಹೇಬರು ಕೇಳಿದರು.

ಅವಳು ಸ್ವಲ್ಪ ಯೋಚಿಸಿದಳು. "ತೆಂಗಿನಕಾಯಿ ಸಿಪ್ಪೆಯೂ ಆಗಿದ್ದೀತು ಸಾಯ್ಬ್ರೆ. ಮುಳುಗ್ತು ಅಂತ ಕಂಡ್ತು. ಬೇಕಾದ್ರೆ ಗಂಟು ಬಿಚ್ತೆ."

"ಬಿಚ್ಚಬೇಡ. ಅನುಮಾನ ಅಂತ ಬರೆಯುತ್ತಾನೆ" ಎಂದರು.

ಒಟ್ಟು ಮೂವತ್ತೇಳು ಗಂಟುಗಳಿದ್ದವು. ಹಾಗೆಯೇ ಕೂಡಿದ್ದರೆ ಮತ್ತೆ ನನ್ನ ಹಳೆಯ ಸಂಖ್ಯೆಯ ಹತ್ತಿರಕ್ಕೇ ಬರುತ್ತಿದ್ದೆ. ಒಂದು ಜಾಗದಿಂದ ಮೇಲಕ್ಕೆ ಹೋದ ನಾಲ್ಕು, ಮುಂದಿನ ಗೆರೆಯ ಹೊತ್ತಿಗೆ ಮೇಲಿನ ಜಾಗದಲ್ಲಿ ಕಂಡ ನಾಲ್ಕು, ಎರಡೂ ಒಂದೇ. ಹೀಗೆ ಒಂದೊಂದನ್ನೇ ಹೊಂದಿಸುತ್ತ ಹೋದಾಗ ಮೂರು ಹಿಂಡು ಉಳಿದವು. ಐದು, ನಾಲ್ಕು, ಮೂರು. ಅನುಮಾನದ ಒಂದು ಬೇರೆ. ಹಿರಿಯ ಹೆಂಗಸು ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದಳು. ಒಂದು ಕಡೆ ನಾನು ತಪ್ಪು ಹೊಂದಿಸಿದಾಗ ಬಗ್ಗಿ ಗರಿಯನ್ನು ಸರಿಸಿದಳು. ಹನ್ನೆರಡು, ಹೆಚ್ಚೆಂದರೆ ಹದಿಮೂರು. ಭಾನುವಾರ ಸತ್ತ ಮೂರು ಸೇರಿದರೆ ಮೊದಲು ಹದಿನೈದು ಹದಿನಾರು ಇದ್ದಿರಬಹುದು.

"ಇದೂ ತಪ್ಪಿದ್ದರೆ?" ಎಂದು ಸಾಹೇಬರು ಕೇಳಿದರು.

"ಇದ್ದರೆ ಎಲ್ಲಿ ತಪ್ಪಿದೆ ಅಂತ ಯಾರು ಬೇಕಾದರೂ ಹುಡುಕಬಹುದು ಸಾರ್. ಗರಿಗಳು ಇಲ್ಲೇ ಇವೆ."

ಅವರು ಗರಿಗಳನ್ನು ತಾವೇ ಒಮ್ಮೆ ಮೊದಲಿನಿಂದ ಹೊಂದಿಸಿದರು. ಹನ್ನೆರಡೇ ಬಂತು. ಹಿಂದಿರುಗುವ ಮೊದಲು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ನಾಲ್ಕು ದಿನದಲ್ಲಿ ಪರವಾನಗಿ ರದ್ದಾದ ಆದೇಶ ಬಂತು.

ಇಷ್ಟಕ್ಕೆ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಆದೇಶದ ಸುದ್ದಿ ಕೇಳಿ ಗಜನಿಯ ಗುತ್ತಿಗೆದಾರ ನನ್ನನ್ನು ಏರಿಯ ಹಲಗೆ ಬಾಗಿಲ ಹತ್ತಿರ ಕರೆದುಕೊಂಡು ಹೋದ. ಹರಿದ ಬಲೆ ತೋರಿಸಿದ. ಅರ್ಧ ತಿಂದ ಎರಡು ದೊಡ್ಡ ಮೀನುಗಳು ಏರಿಯ ಮೇಲೆ ಬಿದ್ದಿದ್ದವು.

"ನಲವತ್ತೇ ಇರ್ಲಿ, ಹನ್ನೆರಡೇ ಇರ್ಲಿ, ನನ್ನ ಬಲೆ ಹರಿದದ್ದು ಸುಳ್ಳಾ?" ಎಂದ.

ಸುಳ್ಳಲ್ಲ ಎಂದೆ. ನಷ್ಟ ನಿಜ ಎಂದು ವರದಿಯಲ್ಲಿ ಬರೆಯುತ್ತೇನೆ ಎಂದೆ. ಬಾಗಿಲ ಬಾಯಿಗೆ ಬಿದಿರಿನ ದಬ್ಬೆಗಳ ತಡಿಕೆ ಕಟ್ಟಿ ನೋಡೋಣ ಎಂದಾಗ ಅವನು ಅನುಮಾನದಿಂದಲೇ ಒಪ್ಪಿದ. ಐದು ದಿನ ಕಟ್ಟಿದೆವು. ಬಲೆ ಹರಿಯಲಿಲ್ಲ. ಆದರೆ ತಡಿಕೆಗೆ ಕಸ ಸಿಕ್ಕಿಕೊಂಡು ಒಳಗೆ ಬರುವ ನೀರೂ ಸೀಗಡಿಯೂ ಕಡಿಮೆಯಾದವು. ಆರನೆಯ ದಿನ ಅವನೇ ಕಿತ್ತುಹಾಕಿದ. ಎರಡನ್ನೂ ಬರೆದೆ. ಅವನ ತಕರಾರಿಗೆ ಉತ್ತರ ಸಿಗುವ ಮೊದಲೇ ನನ್ನ ಎಂಟು ವಾರ ಮುಗಿಯಿತು.

ಜೂನ್ ಮೊದಲ ವಾರ, ಮೋಡ ಕಟ್ಟಿ ಇನ್ನೂ ಬೀಳದ ದಿನ, ನಾಲ್ವರು ವಿದ್ಯಾರ್ಥಿಗಳನ್ನೂ ಹೊನ್ನಾವರದ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ನಾಲ್ವರ ವರದಿಗಳು, ಮೂರು ಪ್ರಮಾಣಪತ್ರ. ಸಾಹೇಬರು ನನಗೆ ನನ್ನ ಎರಡೂ ವರದಿಗಳನ್ನು ಗಟ್ಟಿಯಾಗಿ ಓದಲು ಹೇಳಿದರು. ಮೊದಲು ನಲವತ್ತೊಂದರದ್ದು, ಆಮೇಲೆ ಹನ್ನೆರಡರದ್ದು. ನಡುವೆ ತಪ್ಪೊಪ್ಪಿಗೆಯ ಆ ಒಂದು ಪುಟ. ನನ್ನನ್ನು ನಾಚಿಸಲೆಂದೇ ಓದಿಸುತ್ತಿದ್ದಾರೆ ಎಂದುಕೊಂಡೆ. ಬಹುಶಃ ಇರಲೂಬಹುದು.

ಓದಿ ಮುಗಿಸಿದ ಮೇಲೆ ಸಾಹೇಬರು ಮೂರು ಪ್ರಮಾಣಪತ್ರಗಳನ್ನು ಕೈಗೆತ್ತಿಕೊಂಡು ಭಟ್ಕಳದ ಕಾಡುಹಂದಿ ಎಣಿಸಿದವನ ಹೆಸರು ಕರೆದರು. ಅವನು ಎದ್ದು ಮೇಜಿನ ಹತ್ತಿರ ಹೋದ. ಪ್ರಮಾಣಪತ್ರ ತೆಗೆದುಕೊಳ್ಳಲಿಲ್ಲ.

"ಸಾರ್, ನನ್ನ ವರದಿ ವಾಪಸ್ಸು ಕೊಡ್ತೀರಾ?"

"ಯಾಕೆ?"

"ಗುಡ್ಡದ ಎರಡು ಮಗ್ಗುಲನ್ನು ನಾನೂ ಬೇರೆ ಬೇರೆ ವಾರ ಎಣಿಸಿದ್ದು."

ಸಾಹೇಬರು ಅವನನ್ನು ನೋಡಿದರು. ವರದಿಯನ್ನು ಎಳೆದು ಅವನ ಕಡೆ ದೂಡಿದರು. ಅವನ ಪ್ರಮಾಣಪತ್ರವನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು. ಉಳಿದ ಇಬ್ಬರಿಗೂ ಅವರವರದ್ದನ್ನು ಕೊಟ್ಟರು.

ಹೊರಗೆ ಬಂದ ಮೇಲೆ ಅವನು ನನ್ನನ್ನು ಕೇಳಿದ: "ಒಂದೇ ಹೊತ್ತಿಗೆ ಎಣಿಸುಕೆ ನಿಂಗೆ ಎಷ್ಟು ಜನ ಬೇಕಾದ್ರು?"

"ಹದಿನಾಲ್ಕು. ಗುಡ್ಡಕ್ಕೆ ಇನ್ನೂ ಹೆಚ್ಚು ಬೇಕಾತದೆ."

"ನಂಗೆ ಮೂರು ಜನ ಸಿಕ್ಕೂರು. ನೀ ಬತ್ಯಾ?" ಎಂದ.

ಮರುದಿನ ಬೆಳಿಗ್ಗೆ ಭಟ್ಕಳದ ಗುಡ್ಡಗಳಿಗೆಂದು ಶರಾವತಿ ದಾಟುವ ಮೊದಲ ಲಾಂಚಿನಲ್ಲಿ ನಾವಿಬ್ಬರೂ ಇದ್ದೆವು. ಭತ್ಯೆಯ ಅವಧಿ ಹಿಂದಿನ ದಿನವೇ ಮುಗಿದಿತ್ತು.